ಆತು ಅಂದರೆ ಸಾಕು

ಮಂಗಳವಾರ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಗದುಗಿನ ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ನೂರಾ ನಲವತ್ತೇಳನೆಯ ಸಾಲು ಊರು ಬದಲಿಸಿತು. ಅಲ್ಲಿಯತನಕ ಆ ಸಾಲಿನಲ್ಲಿ ‘ಬೆಟಗೇರಿ, ನೇಕಾರ ಓಣಿ’ ಎಂದಿತ್ತು. ಈಗ ‘ಪ್ರಯಾಣದಲ್ಲಿ’ ಎಂದು ಬಂತು. ಪಕ್ಕದಲ್ಲಿ ಹಸಿರು ಅಕ್ಷರ: ‘ಸಮ್ಮತಿ ದೃಢ, ಮೂರು ಬಾರಿ.’

ಪದ್ಮಾವತಿ ಹೊಂಬಳ ಕೈಯಲ್ಲಿದ್ದ ಚಹಾ ಕೆಳಗಿಟ್ಟಳು. ಆ ಸಾಲು ಅವಳ ತಂಗಿ ಶಾಕಾಂಬರಿಯದು.

ಮೊದಲು ಅವಳಿಗೆ ಯಂತ್ರದ ತಪ್ಪು ಅನಿಸಿತು. ಒಂಬತ್ತು ವರ್ಷದ ಹಿಂದೆ ಈ ಜಾಲದ ಮೊದಲ ಡಬ್ಬಿಯನ್ನು ಬೆಸುಗೆ ಹಾಕಿ ಕೂಡಿಸಿದವಳು ಅವಳೇ. ಅದು ಎಲ್ಲೆಲ್ಲಿ ತಪ್ಪುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಆದರೆ ಸಾಲು ಓಡುತ್ತಿತ್ತು. ಗಂಟೆಗೆ ಅರವತ್ತೆರಡು ಕಿಲೋಮೀಟರ್ ವೇಗದಲ್ಲಿ ಮುಂಡರಗಿ ದಾರಿ ಹಿಡಿದಿತ್ತು. ತಂಗಿ ಮೂವತ್ತನಾಲ್ಕು ವರ್ಷದಲ್ಲಿ ಒಬ್ಬಳೇ ಓಣಿಯ ತುದಿಯ ಗಿರಣಿ ದಾಟಿದವಳಲ್ಲ.

ನಿಯಂತ್ರಣ ಕೊಠಡಿಯೊಳಗೆ ಮೊಬೈಲ್ ಒಯ್ಯುವಂತಿಲ್ಲ. ಪದ್ಮಾವತಿ ಹೊರಗೆ ಓಡಿ, ಕಪಾಟು ತೆಗೆದು ನೋಡಿದರೆ ಹನ್ನೊಂದು ಕರೆ. ಹನ್ನೊಂದೂ ಖಾನಾವಳಿ ಈರವ್ವನವು.

“ಎಲ್ಲಿ ಸತ್ತಿದ್ದೀಯೇ ಪದ್ದಿ! ಒಯ್ದ್ರವಾ, ನಮ್ಮ ಶಾಕೀನ ಒಯ್ದ್ರು! ಬಿಳೇ ಗಾಡಿ ತಂದಿದ್ರು. ‘ಯಾರು ನೀವು, ಯಾರನ್ನ ಕೇಳಿ ಒಯ್ತೀರಿ’ ಅಂದ್ನಿ. ಗಾಡ್ಯಾಗ ಬಂದಿದ್ದ ಒಬ್ಬ ಹುಡುಗಿ ಕೈಯಾಗಿನ ಟಿವಿಯಂಥಾ ಫಳಿ ತೋರಿಸಿ, ‘ಇವರನ್ನೇ ಕೇಳಿದೀವಿ ಅಜ್ಜಿ, ಇವರೇ ಒಪ್ಪಿದಾರೆ’ ಅಂದ್ಲು. ಅಜ್ಜಿ ಅಂತ ನನಗ! ಚಕ್ಕಳಿ ಒತ್ತೋ ಒರಳು ತಗೊಂಡು ಬೆನ್ನು ಹತ್ತಿದ್ನಿ. ಗಾಡಿ ನಿಲ್ಲಲಿಲ್ಲ.”

“ಈರಕ್ಕಾ, ನಿನ್ನ ಮನಿ ಗ್ವಾಡಿ ಮ್ಯಾಲಿನ ಕಿವಿ ಯಾಕ ಕೂಗಲಿಲ್ಲ?”

“ಕಿವಿ ತಿಂಗಳಾತಲ್ಲ ಮೂಕಾಗಿ. ನೀನs ಹೇಳಿದ್ದಿ, ಹೊಸಾದು ಹಾಕ್ತಾರ, ಅಲ್ಲೀಮಟ ಸುಮ್ಮ ಇರ್ರಿ ಅಂತ.”

ಹೌದು. ಹೇಳಿದವಳು ಅವಳೇ.

*

ನಾಡಿಪಟ್ಟಿ ಎಂದರೆ ಮಣಿಕಟ್ಟಿಗೆ ಕಟ್ಟುವ ಎರಡು ಬೆರಳಗಲದ ಪಟ್ಟಿ. ಒಳಬದಿಗೆ ಎರಡು ಲೋಹದ ಬಿಲ್ಲೆ. ಮನುಷ್ಯನ ಮನಸ್ಸು ಕದಡಿದಾಗ ಬೆವರು ಕಣ್ಣಿಗೆ ಕಾಣುವ ಮೊದಲೇ ಚರ್ಮ ತೇವವಾಗುತ್ತದೆ. ತೇವವಾದ ಚರ್ಮದಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಬಿಲ್ಲೆಗಳು ಅದನ್ನು ಮೈಕ್ರೊಸೀಮೆನ್ಸ್ ಎಂಬ ಅಳತೆಯಲ್ಲಿ ಹೇಳುತ್ತವೆ. ಜೊತೆಗೆ ನಾಡಿ ಬಡಿತ, ಮತ್ತು ಮಾತು ಹಿಡಿಯುವ ಒಂದು ಸಣ್ಣ ಮೈಕು. ಇದರಲ್ಲಿ ಹೊಸ ವಿಜ್ಞಾನ ಏನೂ ಇರಲಿಲ್ಲ. ಹೊಸದಾಗಿದ್ದದ್ದು, ಆ ಸುದ್ದಿ ಯಾರಿಗೆ ಹೋಗುತ್ತದೆ ಎಂಬುದು. ಅದು ಆಸ್ಪತ್ರೆಗೆ ಹೋಗುತ್ತಿರಲಿಲ್ಲ, ಪೊಲೀಸರಿಗೂ ಹೋಗುತ್ತಿರಲಿಲ್ಲ. ಓಣಿಗೆ ಹೋಗುತ್ತಿತ್ತು.

ಬುದ್ಧಿಯ ಬೆಳವಣಿಗೆ ನಿಧಾನವಾದ ಒಬ್ಬೊಬ್ಬರಿಗೂ ಓಣಿಯಲ್ಲಿ ಐದು ಜನ. ಸರಕಾರಿ ಅರ್ಜಿಯಲ್ಲಿ ಅವರಿಗೆ ‘ಸೇವಾದಾರರು’ ಎಂದು ಹೆಸರು; ಓಣಿಯಲ್ಲಿ ಬರೀ ‘ಶಾಕವ್ವನ ಮಂದಿ’, ‘ದಾವಲನ ಮಂದಿ’. ಐದೂ ಮನೆಯ ಗೋಡೆಗೆ ಒಂದೊಂದು ಡಬ್ಬಿ, ಅದಕ್ಕೆ ಓಣಿಯವರಿಟ್ಟ ಹೆಸರು ಕಿವಿ. ಪಟ್ಟಿ ಕದಡಿದರೆ ಕಿವಿ ಕೂಗುತ್ತದೆ, ಹತ್ತಿರವಿದ್ದವರು ಎದ್ದು ಹೋಗುತ್ತಾರೆ. ಅಷ್ಟೇ ಯಂತ್ರ.

ಆದರೆ ಚರ್ಮ ಹೇಳುವುದು ಅರ್ಧ ಮಾತು. ಹೆದರಿದರೂ ತೇವ, ಹಿಗ್ಗಿದರೂ ತೇವ. ಮದುವೆಯ ಬ್ಯಾಂಡು ಬಂದಾಗಲೂ ಬೀದಿನಾಯಿ ಬೆನ್ನು ಹತ್ತಿದಾಗಲೂ ಶಾಕಾಂಬರಿಯ ಪಟ್ಟಿ ಒಂದೇ ಸಂಖ್ಯೆ ತೋರಿಸುತ್ತಿತ್ತು. ಉಳಿದರ್ಧವನ್ನು ಹೇಳುತ್ತಿದ್ದದ್ದು ಮಾತಿನ ವಹಿ. ಆ ವಹಿ ಅವರ ತಾಯಿಯ ಬುದ್ಧಿ. ನೂಲಿನ ಲೆಕ್ಕ ಬರೆಯುವ ಕೆಂಪು ರಟ್ಟಿನ ಪುಸ್ತಕದಲ್ಲಿ ಆಕೆ ಮಗಳ ಮಾತುಗಳನ್ನು ಬರೆದಿಟ್ಟಿದ್ದಳು, ಒಟ್ಟು ನಲವತ್ತಮೂರು. ಯಾವ ಮಾತಿಗೆ ಮಗಳ ಬಾಯಲ್ಲಿ ಏನು ಅರ್ಥ ಎಂಬುದು ಅದರಲ್ಲಿತ್ತು.

‘ಗಾಡಿ’ ಅಂದರೆ ಹೊಟ್ಟೆ ನೋವು. ಒಮ್ಮೆ ಹೊಟ್ಟೆ ನೋವಿಗೆ ಗಾಡಿಯಲ್ಲಿ ಒಯ್ದಿದ್ದರು. ‘ಬರ್ತೀನಿ’ ಅಂದರೆ ಹೊರಟೆ. ಮನೆ ಬಿಡುವಾಗ ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಎಂದು ಎಲ್ಲ ತಾಯಂದಿರೂ ಕಲಿಸುವಂತೆ ಆಕೆಯೂ ಕಲಿಸಿದ್ದಳು. ಮೊದಲ ಪುಟದ ಮೊದಲ ಮಾತು ‘ಆತು’. ಶಾಕಾಂಬರಿ ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದಳು. ರಾಟಿ ತಿರುಗಿಸಿ ಕಂಡಿಕೆಯ ಮೇಲೆ ನೂಲು ತುಂಬಿಸಬೇಕು. ತುಂಬಿದ ಕೂಡಲೆ ನಿಲ್ಲಿಸದಿದ್ದರೆ ನೂಲು ಜಾರಿ ಗೋಜಲಾಗುತ್ತದೆ. ‘ತುಂಬಿತಂದ್ರ ಆತು ಅನ್ನು, ಕೈ ಬಿಡು’ ಎಂದು ತಾಯಿ ಕಲಿಸಿದ್ದಳು. ಶಾಕಾಂಬರಿ ಅದನ್ನು ಲೋಕಕ್ಕೆಲ್ಲ ಅನ್ವಯಿಸಿದಳು. ಊಟ ಸಾಕಾದರೆ ಆತು. ಸದ್ದು ಹೆಚ್ಚಾದರೆ ಆತು. ಸೂಜಿ ಚುಚ್ಚಲು ಬಂದ ನರ್ಸಮ್ಮನಿಗೆ ಆತು. ವಹಿಯಲ್ಲಿ ತಾಯಿಯ ಸೊಟ್ಟ ಅಕ್ಷರ: ‘ಆತು ಅಂದರೆ ಸಾಕು. ನಿಲ್ಲಿಸ್ರಿ ಅಂತ.’

ಆತು ಬಿಟ್ಟರೆ ಬೇಡವೆನ್ನಲು ಅವಳಿಗೆ ಬೇರೆ ಮಾತಿರಲಿಲ್ಲ. ಏಳು ವರ್ಷದವಳಿದ್ದಾಗ ಒಂದು ಶಾಲೆಗೆ ಕಳಿಸಿದ್ದರು. ಅಲ್ಲಿ ‘ಬ್ಯಾಡ’ ಅಂದರೆ ಬೆರಳ ಗೆಣ್ಣಿನ ಮೇಲೆ ಫೂಟುಪಟ್ಟಿ. ಒಂಬತ್ತು ತಿಂಗಳ ಮೇಲೆ ಬಿಡಿಸಿಕೊಂಡು ಬಂದರು. ಆ ಮಾತು ಅಲ್ಲೇ ಉಳಿಯಿತು.

*

ಪದ್ಮಾವತಿ ಮತ್ತೆ ಒಳಗೆ ಬಂದು ಕುಳಿತಳು. ಸಿಟ್ಟು ಬಂದಾಗ ಅವಳ ಕೈ ಸ್ಥಿರವಾಗುತ್ತದೆ, ಬೆಸುಗೆ ಹಾಕುವಾಗಿನ ಹಾಗೆ. ನೂರಾ ನಲವತ್ತೇಳರ ಧ್ವನಿಮುದ್ರಣ ತೆಗೆದಳು. ಹಿಂದಿನ ಗುರುವಾರ ಮಧ್ಯಾಹ್ನ, ಎರಡು ಗಂಟೆ ಹತ್ತು ನಿಮಿಷ.

ಮೊದಲು ಕೇಳಿದ್ದು ರಾಟಿಯ ಗರ್ರೆನ್ನುವ ಸದ್ದು. ಆಮೇಲೆ ಒಂದು ಎಳೆಯ ಹೆಣ್ಣುದನಿ, ವಿನಯದ್ದು.

“ಶಾಕಾಂಬರಿ ಅವರೇ, ನಿಮಗೊಂದು ಹೊಸ ಮನೆ ಇದೆ. ಗಾರ್ಡನ್ ಇದೆ, ಟಿವಿ ಇದೆ. ಅಲ್ಲೇ ಇರ್ತೀರಾ?”

ರಾಟಿ ನಿಂತಿತು. “ಆತು.”

“ಇನ್ನೊಂದ್ಸಲ ಕೇಳ್ತೀನಿ. ಅಲ್ಲೇ ಇರ್ತೀರಾ?”

“ಆತು.”

“ಲಾಸ್ಟ್ ಟೈಮ್. ಇರ್ತೀರಾ?”

“ಆತು! ಆತು!” ಮಣೆ ಸರಿದ ಸದ್ದು, ಬಳೆಗಳ ಸದ್ದು. ಎದ್ದಿದ್ದಳು. “ಬರ್ತೀನಿ.”

“ಬರ್ತೀರಾ? ವೆರಿ ಗುಡ್!”

ಪರದೆಯ ಕೆಳಗೆ ಚರ್ಮದ ಗೆರೆ ಓಡುತ್ತಿತ್ತು. ರಾಟಿ ತಿರುಗುವಾಗ ಎರಡು ಮೈಕ್ರೊಸೀಮೆನ್ಸ್. ಮೂರನೆಯ ಪ್ರಶ್ನೆಗೆ ಒಂಬತ್ತು ದಾಟಿತ್ತು. ಪಕ್ಕದಲ್ಲಿ ಯಂತ್ರದ ಟಿಪ್ಪಣಿ: ‘ಆತು: ಒಪ್ಪಿಗೆ. ಬರ್ತೀನಿ: ಬರಲು ಒಪ್ಪಿಗೆ. ಚರ್ಮ: ಉತ್ಸಾಹ.’

ಓಣಿಯ ಜಾಲವನ್ನು ಹೋದ ವರ್ಷ ಸರಕಾರದ ಇಲಾಖೆ ತೆಗೆದುಕೊಂಡಿತ್ತು. ‘ಸ್ವಇಚ್ಛಾ ಜಾಲ’ ಎಂದು ಹೊಸ ಹೆಸರಿಟ್ಟು, ನಾನೂರ ಹನ್ನೆರಡು ಜನರಿಗೆ ವಿಸ್ತರಿಸಿ, ಪದ್ಮಾವತಿಗೆ ನಿಯಂತ್ರಣ ಕೊಠಡಿಯಲ್ಲಿ ಕುರ್ಚಿ ಕೊಟ್ಟಿತ್ತು. ಒಪ್ಪಿದವರನ್ನು ತನ್ನ ನಿವಾಸಗಳಿಗೆ ಒಯ್ದು ಇರಿಸುವ ಕೆಲಸವನ್ನೂ ಜಾಲಕ್ಕೆ ಸೇರಿಸಿತ್ತು. ನಾನೂರ ಹನ್ನೆರಡು ವಹಿ ಬರೆಯಲು ಯಾರಿಗೆ ಪುರುಸೊತ್ತು? ಎಲ್ಲರಿಗೂ ಒಂದೇ ಶಬ್ದಕೋಶ ಸಾಕು ಎಂದಿತು. ಮಾದರಿಗೆ ಒಂದು ಪುಟ ಕಳಿಸಿ ಎಂದಾಗ ಅವಳು ದಾವಲನ ವಹಿಯ ಮೊದಲ ಪುಟ ಕಳಿಸಿದ್ದಳು. ದಾವಲ ಗಿರಣಿ ಮೌಲಾಸಾಬರ ತಮ್ಮ. ಹಿಟ್ಟಿನ ಡಬ್ಬಿ ಹೊತ್ತು ತಾ ಅಂದರೆ ಹಲ್ಲು ಕಿಸಿದು ‘ಆತು’ ಅನ್ನುವವ. ಅವನ ಆತು ನಿಜವಾಗಿ ಒಪ್ಪಿಗೆ. ಪುಟ ಹೇಗೆ ಬರೆಯಬೇಕು ಎಂದು ತೋರಿಸಲು ಕಳಿಸಿದ್ದನ್ನು ಅವರು ಏನು ಬರೆಯಬೇಕು ಎಂದು ಓದಿಕೊಂಡರು. ಆಮೇಲೆ ಸಾವಿರದ ನೂರು ಮಾತುಗಳ ಶಬ್ದಕೋಶ ಅವಳ ಮೇಜಿಗೆ ಬಂತು. ಕೊನೆಯ ಪುಟದಲ್ಲಿ ‘ಪರಿಶೀಲಿಸಿದೆ’ ಎಂದು ಸಹಿ ಇದೆ. ಸಹಿ ಅವಳದು. ಆ ದಿನ ಹದಿನಾಲ್ಕು ಕಿವಿ ಕೆಟ್ಟಿದ್ದವು, ಅವಳು ಓದಿರಲಿಲ್ಲ.

*

ನಿರ್ದೇಶಕ ಚಂದ್ರಮೌಳಿ ತುಮಕೂರಿನವರು. ಕೆಟ್ಟವರೆಂದು ಅವರನ್ನು ಯಾರೂ ಅನ್ನುತ್ತಿರಲಿಲ್ಲ. ಜನರನ್ನು ಕೋಣೆಗೆ ಹಾಕಿ ಬೀಗ ಜಡಿಯುತ್ತಿದ್ದ ಎರಡು ಆಶ್ರಮಗಳನ್ನು ಮುಚ್ಚಿಸಿದ್ದರು. ನಾಡಿಪಟ್ಟಿ ಕಟ್ಟಿಕೊಳ್ಳುವುದು ಅವಮಾನವಲ್ಲ ಎಂದು ತೋರಿಸಲು ತಾವೂ ಒಂದು ಕಟ್ಟಿಕೊಂಡು ಓಡಾಡುತ್ತಿದ್ದರು.

“ಕೂತ್ಕೊಳ್ಳಿ ಮೇಡಂ. ವಿಷಯ ಗೊತ್ತಾಯ್ತು. ನಿಮ್ಮ ತಂಗಿ ಅಂತ ನನಗೆ ನಿಜವಾಗ್ಲೂ ಗೊತ್ತಿರಲಿಲ್ಲ.”

“ನನ್ನ ತಂಗಿ ಅಲ್ಲದಿದ್ರ ಸರಿ ಇತ್ತೇನ್ರಿ?”

“ಹಾಗಲ್ಲ. ನಿಮ್ಮ ಸಭೆಗಳಲ್ಲಿ ನೀವೇ ಹೇಳ್ತಿದ್ರಲ್ಲ, ‘ಅವರ ಬಗ್ಗೆ ಅವರನ್ನೇ ಕೇಳಿ’ ಅಂತ? ಅಪ್ಪ ಅಮ್ಮ ಅಕ್ಕ ಅಣ್ಣ ಯಾರೂ ಅವರ ಪರವಾಗಿ ತೀರ್ಮಾನ ಮಾಡಬಾರದು ಅಂತ? ನಾವು ಕೇಳಿದ್ವಿ. ಮೂರು ಸಲ ಕೇಳಿದ್ವಿ.”

“ಆಕಿ ಮೂರು ಸಲ ಸಾಕು ಅಂದಾಳ್ರಿ. ಆಕಿ ಬಾಯಾಗ ಆತು ಅಂದ್ರ ನಿಲ್ಲಿಸ್ರಿ ಅಂತ.”

“ನೋಡಿ, ಆಯಿತು ಅಂದ್ರೆ ಕನ್ನಡದಲ್ಲಿ ಒಪ್ಪಿಗೆ. ಚಿಕ್ಕ ಮಕ್ಕಳಿಗೂ ಗೊತ್ತು. ಒಬ್ಬೊಬ್ಬರಿಗೊಂದು ಡಿಕ್ಷನರಿ ಇಟ್ಕೊಂಡು ಸರಕಾರ ನಡೆಸೋಕಾಗುತ್ತಾ?”

“ಚರ್ಮ ಒಂಬತ್ತು ದಾಟೇತಿ. ಅದನ್ನರ ನೋಡ್ಬೇಕಿತ್ತಲ್ರಿ.”

“ಖುಷಿಗೂ ದಾಟುತ್ತೆ. ನೀವೇ ಬರೆದಿದ್ದೀರಿ ಕೈಪಿಡಿಯಲ್ಲಿ. ಪುಟ ಆರು.”

ಪುಟ ಆರೇ. ಪದ್ಮಾವತಿ ತುಟಿ ಕಚ್ಚಿದಳು. ಆಮೇಲೆ ಮುಂದಕ್ಕೆ ಬಾಗಿ, ಧ್ವನಿಮುದ್ರಣದ ಹುಡುಗಿಯ ವಿನಯವನ್ನೇ ತಂದುಕೊಂಡು ಕೇಳಿದಳು:

“ಚಂದ್ರಮೌಳಿ ಅವರೇ, ನಿಮಗೊಂದು ಹೊಸ ಮನೆ ಇದೆ. ಹೊಳಿ ಆಚೆ. ಅಲ್ಲೇ ಇರ್ತೀರಾ?”

“ಏನ್ ಮೇಡಂ ಇದು...”

“ಗಾರ್ಡನ್ ಇದೆ. ಟಿವಿ ಇದೆ. ಅಲ್ಲೇ ಇರ್ತೀರಾ?”

“ಆಯ್ತು, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ...”

“ಇನ್ನೊಂದ್ಸಲ ಕೇಳ್ತೀನಿ. ಇರ್ತೀರಾ?”

“ಆಯ್ತಮ್ಮಾ, ಆಯ್ತು! ಮುಗೀತಲ್ಲ? ನನಗೆ ಮೀಟಿಂಗ್ ಇದೆ.”

ಅವರ ಹಿಂದಿನ ಪುಟ್ಟ ಪರದೆಯಲ್ಲಿ ಹಸಿರು ಅಕ್ಷರ ಮೂಡಿತು. ಪದ್ಮಾವತಿ ಬೆರಳು ತೋರಿಸಿದಳು. ನಿರ್ದೇಶಕರು ಕುರ್ಚಿ ತಿರುಗಿಸಿ ನೋಡಿದರು. ‘ಸಾಲು ಒಂದು. ಸಮ್ಮತಿ ದೃಢ, ಮೂರು ಬಾರಿ. ಚರ್ಮ: ಉತ್ಸಾಹ.’

ಅವರು ನಕ್ಕರು. ನಿಜಕ್ಕೂ ನಗು ಬಂದಿತ್ತು.

“ಚೆನ್ನಾಗಿದೆ. ಆದರೆ ನನ್ನ ವಿಷಯ ಬೇರೆ ಅಲ್ವಾ? ನಾನು ಹೇಳಿದ್ದರ ಅರ್ಥ ಅದಲ್ಲ ಅಂತ ನಾನೇ ಹೇಳಬಲ್ಲೆ.”

“ಆಕೀನೂ ಹೇಳ್ಯಾಳ್ರಿ. ರಾಟಿ ನಿಲ್ಲಿಸಿ ಹೇಳ್ಯಾಳ, ಎದ್ದು ನಿಂತು ಹೇಳ್ಯಾಳ. ನಿಮ್ಮ ಮಾತಿಗೆ ಎರಡು ಅರ್ಥ ಇರಬಹುದು, ಆಕಿ ಮಾತಿಗೆ ನೀವು ಕೊಟ್ಟಿದ್ದೊಂದೇ ಅರ್ಥ. ಯಾಕಂದ್ರ ನೀವು ಶಾಣ್ಯಾರು. ಹೌದಿಲ್ರಿ?”

ನಿರ್ದೇಶಕರು ನಗು ನಿಲ್ಲಿಸಿದರು. ಮೇಜಿನ ಮೇಲಿದ್ದ ನಿಯಮದ ಹಾಳೆಯನ್ನು ಅವಳ ಕಡೆ ಸರಿಸಿದರು. ಮೊದಲ ಮೂರು ದಿನ ಯಾರೂ ಭೇಟಿಯಾಗುವಂತಿಲ್ಲ, ಹೊಸಬರು ಹೊಂದಿಕೊಳ್ಳಬೇಕು. ಶುಕ್ರವಾರ ಹೋಗಬಹುದು. ನಿವಾಸದ ಮೇಲ್ವಿಚಾರಕಿಯ ಎದುರು, ನಿವಾಸಿ ಸ್ವತಃ, ಸ್ಪಷ್ಟ ಶಬ್ದದಲ್ಲಿ ಸಮ್ಮತಿ ಹಿಂಪಡೆದರೆ ಯಂತ್ರವೇ ಗೇಟು ತೆರೆಯುತ್ತದೆ. ಸ್ಪಷ್ಟ ಶಬ್ದಗಳು ನಾಲ್ಕು: ಬೇಡ, ಒಲ್ಲೆ, ಇಲ್ಲ, ಹೋಗುತ್ತೇನೆ.

ನಾಲ್ಕರಲ್ಲಿ ಒಂದೂ ಕೆಂಪು ವಹಿಯಲ್ಲಿ ಇರಲಿಲ್ಲ.

*

ಈರವ್ವನ ಖಾನಾವಳಿಯಲ್ಲಿ ಆ ಸಂಜೆ ಒಲೆ ಹೊತ್ತಲಿಲ್ಲ. ರೊಟ್ಟಿ ಕೇಳಿಕೊಂಡು ಬಂದವರನ್ನು ಈರವ್ವ ‘ಇವತ್ತು ನಿಮ್ಮ ಮನೀಗೆ ಹೋಗಿ ಹೆಂಡ್ರ ಮಾರಿ ನೋಡ್ರಿ’ ಎಂದು ಹೊರಗೆ ಕಳಿಸಿದಳು. ಮೌಲಾಸಾಬರು ಹಿಟ್ಟು ಮೆತ್ತಿದ ಹುಬ್ಬಿನೊಂದಿಗೆ ಬಾಗಿಲ ಬಳಿ ಕುಳಿತಿದ್ದರು.

“ನನ್ನ ತಮ್ಮನ ಮಾತಿನಿಂದ ನಿನ್ನ ತಂಗಿ ಹೋತು ಅನ್ನು, ಬೇಟಾ.”

“ನನ್ನ ಸಹಿಯಿಂದ ಹೋತು ಕಾಕಾ.”

“ಅಳಾಕ ಕುಂದ್ರಬ್ಯಾಡ ಈಗ,” ಎಂದಳು ಈರವ್ವ. “ಶುಕ್ರವಾರ ಹೋಗಿ ಆಕಿಗೆ ‘ಒಲ್ಲೆ’ ಅನ್ನಾಕ ಕಲಿಸೂಣು. ಒಂದು ಮಾತು ಅದು. ಗಿಣಿ ಕಲೀತಾವ.”

“ಆಕಿ ಗಿಣಿ ಅಲ್ಲ ಈರಕ್ಕಾ.”

ಮಾತು ಗಟ್ಟಿಯಾಗೇ ಬಂದಿತ್ತು. ಈರವ್ವ ತನಗೇ ಹೇಳಿಕೊಳ್ಳುವಂತೆ, “ಹೌದ್ ಬಿಡು. ನಾಲ್ಕು ವರ್ಷ ನಾನು ಆಕಿಗೆ ‘ಈರಕ್ಕ’ ಅನ್ನಾಕ ಕಲಿಸ್ನಿ. ಇವತ್ತಿಗೂ ನಾನು ಆಕಿಗೆ ‘ರೊಟ್ಟಿ’ನs. ನಾನs ಕಲ್ತಿನಿ, ರೊಟ್ಟಿ ಅಂದ್ರ ಓ ಅನ್ನೂದು” ಎಂದಳು.

ಮೌಲಾಸಾಬರು ಗೋಡೆಯ ಮೇಲಿನ ಮೂಕ ಕಿವಿಯನ್ನು ನೋಡುತ್ತ ಕುಳಿತಿದ್ದರು. “ಪದ್ಮಾ, ಅಲ್ಲಿ ಮೇಲ್ವಿಚಾರಕಿ ಅಂತ ಇದ್ದಾಳಲ್ಲ, ಆಕಿ ಮನುಷ್ಯಾಳೋ, ಯಂತ್ರೋ?”

“ಮನುಷ್ಯಾಳs.”

“ಹಂಗಾರ ವಹಿ ತಗೋ. ನನ್ನ ಟೆಂಪೋ ಐತಿ.”

ಬುಧವಾರ, ಗುರುವಾರ ಪದ್ಮಾವತಿ ಕೆಲಸಕ್ಕೆ ಹೋದಳು. ಹೋಗಲೇಬೇಕಿತ್ತು, ತಂಗಿಯ ಸುದ್ದಿ ಸಿಗುತ್ತಿದ್ದದ್ದು ಆ ಪರದೆಯಲ್ಲಿ ಮಾತ್ರ. ನೂರಾ ನಲವತ್ತೇಳರ ಗೆರೆ ಏಳರಿಂದ ಕೆಳಗೆ ಇಳಿಯಲಿಲ್ಲ, ನಿದ್ದೆಯಲ್ಲೂ. ಯಂತ್ರ ‘ಉತ್ಸಾಹ’ ಎಂದೇ ಬರೆಯುತ್ತಿತ್ತು. ಮಧ್ಯೆ ಬಿಡುವಿನಲ್ಲಿ ಅವಳು ಇನ್ನೊಂದು ಹುಡುಕಾಟ ನಡೆಸಿದಳು: ಬರೀ ‘ಆತು’ ಎಂಬ ಒಂದೇ ಮಾತಿನ ಮೇಲೆ ಸಮ್ಮತಿ ದೃಢವಾದವರು ಎಷ್ಟು? ಯಂತ್ರ ಮೂವತ್ತೆರಡು ಎಂದಿತು. ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಕುಪ್ಪಸದೊಳಗೆ ಇಟ್ಟುಕೊಂಡಳು.

*

ನಿವಾಸ ನಿಜಕ್ಕೂ ಚೆಂದವಿತ್ತು. ಅದೇ ಪದ್ಮಾವತಿಯ ಸಿಟ್ಟನ್ನು ಹೆಚ್ಚಿಸಿತು. ತುಂಗಭದ್ರೆಯ ಆಚೆ, ಬೆಟಗೇರಿಯಿಂದ ನೂರಾ ಹತ್ತು ಕಿಲೋಮೀಟರ್, ಸುಣ್ಣ ಹೊಡೆದ ಕಟ್ಟಡ, ಸಾಲಾಗಿ ದಾಸವಾಳ. ಹೊಲಸಿಲ್ಲ, ಬೈಗುಳವಿಲ್ಲ. ಎತ್ತರದ ಗೇಟಿಗೆ ಯಂತ್ರದ ಬೀಗ. ಪಕ್ಕದಲ್ಲಿ, ಕರೆಂಟು ಹೋದಾಗ ಬೇಕಾಗುತ್ತದೆಂದು, ಕೈಕೀಲಿಯ ಒಂದು ಸಣ್ಣ ಬಾಗಿಲು.

ಮೇಲ್ವಿಚಾರಕಿ ಹಾಲಮ್ಮ ಹರಪನಹಳ್ಳಿ ಕಡೆಯವಳು, ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಸೊಂಟದಲ್ಲಿ ಕೀಲಿಗೊಂಚಲು. ಹಜಾರದಲ್ಲಿ ಪದ್ಮಾವತಿ, ಈರವ್ವ, ಮೌಲಾಸಾಬರು ಮೂವರನ್ನೂ ಕೂರಿಸಿ ಶಾಕಾಂಬರಿಯನ್ನು ಕರೆತಂದಳು.

ಶಾಕಾಂಬರಿ ಹೊಸ ನೀಲಿ ಬಟ್ಟೆ ಹಾಕಿದ್ದಳು. ಅಕ್ಕನನ್ನು ನೋಡಿ ಓಡಿ ಬರಲಿಲ್ಲ. ಈರವ್ವನ ಸೀರೆಯ ಸೆರಗು ಹಿಡಿದು ಮೂಸಿದಳು. “ರೊಟ್ಟಿ,” ಅಂದಳು.

“ಓ,” ಅಂದಳು ಈರವ್ವ.

ಶಾಕಾಂಬರಿಯ ಬಲಗೈಯ ಬೆರಳುಗಳು ಗಾಳಿಯಲ್ಲಿ ಸುತ್ತುತ್ತಲೇ ಇದ್ದವು. ರಾಟಿ ಇಲ್ಲದ ಕೈ.

“ಊಟ ಸರಿಯಾಗಿ ಮಾಡ್ತಾ ಇಲ್ಲ ಕಣಮ್ಮ,” ಎಂದಳು ಹಾಲಮ್ಮ. “ಎರಡು ತುತ್ತಿಗೆ ಆತು ಅಂತಾಳೆ.”

“ಆತು ಅಂದಾಗ ನೀವು ಏನ್ ಮಾಡ್ತೀರಿ?”

“ತಟ್ಟೆ ತೆಗೀತೀನಿ.”

“ಯಾಕ? ಆತು ಅಂದ್ರ ಒಪ್ಪಿಗಿ ಅಂತ ನಿಮ್ಮ ಗ್ವಾಡಿ ಮ್ಯಾಲೆ ಬರದೈತಲ್ಲ. ಇನ್ನೆರಡು ತುತ್ತು ತುರಕಬೇಕಿತ್ತು.”

ಹಾಲಮ್ಮ ಗೋಡೆಯ ಪರದೆಯ ಕಡೆ ನೋಡಿದಳು. ಪದ್ಮಾವತಿ ಕೆಂಪು ವಹಿಯನ್ನು ಅವಳ ಮಡಿಲಿಗೆ ಇಟ್ಟಳು. “ನಮ್ಮವ್ವ ಬರದದ್ದು. ಓದ್ರಿ. ಜೋರಾಗಿ ಓದೂದ್ ಬ್ಯಾಡ.”

ಹಾಲಮ್ಮ ಬೆರಳಿಟ್ಟು ಓದಿದಳು. ಒಂದು ಪುಟ, ಎರಡು ಪುಟ. ಒಂದು ಕಡೆ ಬೆರಳು ನಿಂತಿತು. ಆದರೂ ವಹಿ ಮುಚ್ಚಿ, “ನನ್ನ ಕೈಯಲ್ಲೇನೈತೆ ತಾಯಿ. ಯಂತ್ರ ಕೇಳಬೇಕು, ಇವಳು ಹೇಳಬೇಕು, ಗೇಟು ತೆರೀಬೇಕು,” ಎಂದು ಗುಂಡಿ ಒತ್ತಿದಳು.

ಪರದೆ ಕೇಳಿತು, ನಯವಾದ ದನಿಯಲ್ಲಿ: “ಶಾಕಾಂಬರಿ ಅವರೇ, ನೀವು ಇಲ್ಲೇ ಇರಲು ಬಯಸುವಿರಾ?”

ಶಾಕಾಂಬರಿ ಬೆಚ್ಚಿದಳು. ಇಲ್ಲದ ರಾಟಿಯನ್ನು ಅವಳ ಕೈ ನಿಲ್ಲಿಸಿತು. “ಆತು.”

‘ಸಮ್ಮತಿ ದೃಢ.’

“ಇನ್ನೊಂದ್ಸಲ ಕೇಳ್ರಿ,” ಎಂದಳು ಈರವ್ವ ಹಲ್ಲು ಕಚ್ಚಿ. “ಸಾಯೂತನಕ ಕೇಳ್ರಿ. ಆ ಗ್ವಾಡಿಗೆ ಹಡದವ್ವ ಇಲ್ಲ, ಅದಕ್ಕೇನ್ ಗೊತ್ತಾಗ್ತೈತಿ.”

ಮೌಲಾಸಾಬರು ಅವಳ ತೋಳು ಹಿಡಿದರು. ಹೇಳಬೇಕಾದ್ದನ್ನೆಲ್ಲ ಯಂತ್ರದ ಭಾಷೆಯಲ್ಲಿ ಹೇಳಿ ಮುಗಿದಿತ್ತು. ಪದ್ಮಾವತಿ ಎದ್ದು ನಿಂತಳು.

ಅಕ್ಕ ಎದ್ದದ್ದನ್ನು ಶಾಕಾಂಬರಿ ನೋಡಿದಳು. ಹಿರಿಯರು ಎದ್ದರೆ ಹೊರಡುವ ಹೊತ್ತು ಎಂಬುದು ಅವಳಿಗೆ ಗೊತ್ತು. ಸರಸರ ಒಳಗೆ ಹೋಗಿ ತನ್ನ ಕೈಚೀಲ ತಂದಳು. ನೀಲಿ ಬಟ್ಟೆಯ ಮೇಲೆ ಬಂದ ದಿನದ ತನ್ನ ಸೀರೆಯನ್ನು ಹೇಗೋ ಸುತ್ತಿಕೊಂಡಿದ್ದಳು. ಅವ್ವ ಕಲಿಸಿದ ಹಾಗೆ ಹೇಳದೆ ಹೋಗುವವಳಲ್ಲ. ಕಸ ಗುಡಿಸುತ್ತಿದ್ದವಳ ಎದುರು ನಿಂತು, “ಬರ್ತೀನಿ” ಅಂದಳು. ಕಿಟಕಿಯ ಬಳಿ ಕುಳಿತಿದ್ದ ಇಬ್ಬರು ನಿವಾಸಿಗಳಿಗೆ “ಬರ್ತೀನಿ” ಅಂದಳು. ಗೋಡೆಯ ಪರದೆಯ ಎದುರೂ ನಿಂತು, ತಲೆ ಬಾಗಿಸಿ, “ಬರ್ತೀನಿ” ಅಂದಳು.

‘ಬರಲು ಒಪ್ಪಿಗೆ,’ ಎಂದು ಬರೆಯಿತು ಪರದೆ.

ಕೊನೆಗೆ ಹಾಲಮ್ಮನ ಎದುರು ಬಂದು ಬಗ್ಗಿ ಪಾದ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, “ಬರ್ತೀನಿ” ಅಂದಳು.

“ಹೂಂ, ಹೋಗಿ ಬಾರವ್ವ,” ಅಂದಳು ಹಾಲಮ್ಮ.

ಅಂದಮೇಲೆ ತನ್ನ ಬಾಯಿಂದ ಬಂದ ಮಾತು ಅವಳ ಕಿವಿಗೆ ಬಿತ್ತು. ಕೈ ತಾನಾಗಿ ಬಾಯಿಗೆ ಹೋಯಿತು.

“ಅರ್ಥ ಆತಲ್ರಿ ನಿಮಗ,” ಎಂದಳು ಪದ್ಮಾವತಿ ಮೆಲ್ಲಗೆ. “ಅದಕ್ಕs ಉತ್ತರ ಕೊಟ್ರಿ.”

“ಮೂರು ದಿನದಿಂದ ಹೇಳ್ತಾ ಇದಾಳೆ ಕಣಮ್ಮ,” ಎಂದಳು ಹಾಲಮ್ಮ. ದನಿ ಕೆಳಗಿಳಿದಿತ್ತು. “ದಿನಾ ಬೆಳಿಗ್ಗೆ ಚೀಲ ಹಿಡಿದು ಗೇಟಿನ ಹತ್ರ ಬಂದು ಬರ್ತೀನಿ ಅಂತಾಳೆ. ನಾನು ಕೈ ಹಿಡಿದು ಒಳಗೆ ತರ್ತೀನಿ.”

“ನಿಮಗ ಗೊತ್ತಿರಲಿಲ್ಲೇನ್ರಿ?”

“ಗೊತ್ತಿಲ್ದೆ ಏನು? ಕನ್ನಡ ಮಾತಾಡೋ ಯಾರಿಗೆ ಗೊತ್ತಿಲ್ಲ ಹೇಳು? ಗೋಡೆ ಮೇಲೆ ಬೇರೆ ಥರ ಬರ್ದಿತ್ತು. ಬರೆದಿದ್ದನ್ನ ನೋಡಿದ್ರೆ ಇವಳ ಮುಖ ನೋಡೋದು ತಪ್ಪುತ್ತಲ್ಲ, ಅದಕ್ಕೆ ಅದನ್ನೇ ನೋಡ್ದೆ.”

ಪದ್ಮಾವತಿಗೆ ಆ ಹೆಂಗಸಿನ ಕಪಾಳಕ್ಕೆ ಹೊಡೆಯಬೇಕು ಅನಿಸಿತು. ಸಾವಿರದ ನೂರು ಮಾತುಗಳ ಪುಸ್ತಕವೂ ಅದರ ಕೊನೆಯ ಪುಟದ ಸಹಿಯೂ ನೆನಪಾದವು. ಎತ್ತಬೇಕೆಂದ ಕೈ ಅಲ್ಲೇ ಉಳಿಯಿತು.

ಹಾಲಮ್ಮ ಸೊಂಟದ ಗೊಂಚಲು ಬಿಚ್ಚಿದಳು. ದೊಡ್ಡ ಗೇಟಿನತ್ತ ತಿರುಗಿಯೂ ನೋಡದೆ ಸಣ್ಣ ಬಾಗಿಲಿಗೆ ಹೋದಳು. ಕೀಲಿ ತುಕ್ಕು ಹಿಡಿದಿತ್ತು, ಎರಡು ಕೈಯಿಂದ ತಿರುಗಿಸಬೇಕಾಯಿತು.

“ನಿಮ್ಮ ಕೆಲಸ?” ಎಂದರು ಮೌಲಾಸಾಬರು.

“ಕೇಳಿದ್ರೆ ಹೇಳ್ತೀನಿ. ಬರ್ತೀನಿ ಅಂದ್ಲು, ಹೋಗಿ ಬಾ ಅಂದೆ. ಇದಕ್ಕೆ ನೋಟೀಸ್ ಕೊಡೋದಾದ್ರೆ ಊರಿಗೆಲ್ಲ ಕೊಡ್ಲಿ.”

*

ಟೆಂಪೋದಲ್ಲಿ ಹಿಟ್ಟಿನ ವಾಸನೆ. ಹೊಳೆಯ ಸೇತುವೆ ದಾಟುವತನಕ ಪದ್ಮಾವತಿ ಬಾಯಿ ಬಿಡಲಿಲ್ಲ. ದಾಟಿದ ಮೇಲೆ ನಿಲ್ಲಿಸಲಾಗಲಿಲ್ಲ. ಇಲಾಖೆಯನ್ನು ಬೈದಳು, ನಗುವ ನಿರ್ದೇಶಕರನ್ನು ಬೈದಳು, ‘ವೆರಿ ಗುಡ್’ ಎಂದ ಹುಡುಗಿಯನ್ನು ಬೈದಳು, ಓದದೆ ಸಹಿ ಹಾಕಿದ ತನ್ನ ಕೈಯನ್ನು ಬೈದು ಬೈದು ಅದರಿಂದಲೇ ಮುಂದಿನ ಸೀಟಿಗೆ ಗುದ್ದಿದಳು. ಮೌಲಾಸಾಬರು ಗಾಡಿಯ ವೇಗ ತಗ್ಗಿಸಿದರು. ಈರವ್ವನೂ ತಡೆಯಲಿಲ್ಲ.

ಶಾಕಾಂಬರಿ ಅಕ್ಕನನ್ನೇ ನೋಡುತ್ತಿದ್ದಳು. ಕೈ ಚಾಚಿ, ಗುದ್ದುತ್ತಿದ್ದ ಮುಷ್ಟಿಯನ್ನು ತನ್ನ ಎರಡೂ ಅಂಗೈಯಲ್ಲಿ ಹಿಡಿದು ನಿಲ್ಲಿಸಿದಳು. ತಿರುಗುವ ರಾಟಿಯನ್ನು ನಿಲ್ಲಿಸುವ ಹಾಗೆ.

“ಆತು,” ಅಂದಳು. “ಆತು, ಅಕ್ಕಾ.”

ಅವಳ ಮಣಿಕಟ್ಟಿನ ಪಟ್ಟಿ ಇನ್ನೂ ಮಿನುಗುತ್ತಿತ್ತು. ಗದುಗಿನಲ್ಲಿ ಯಾವುದೋ ಪರದೆ ಅದನ್ನೂ ಒಪ್ಪಿಗೆ ಎಂದು ಬರೆದುಕೊಂಡಿರಬೇಕು. ಪದ್ಮಾವತಿ ಪಟ್ಟಿಯ ಕೊಂಡಿ ಬಿಚ್ಚಿ ಬೆವರಿನ ಗುರುತನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಕುಪ್ಪಸದಿಂದ ಹಾಳೆ ತೆಗೆದಳು. ಮೂವತ್ತೆರಡು ಹೆಸರು. ತಂಗಿಯ ಹೆಸರಿನ ಮೇಲೆ ಗೆರೆ ಎಳೆದಳು.

“ಆಗಿಲ್ಲ ತಂಗೀ,” ಎಂದಳು. “ಇನ್ನ ಆಗಿಲ್ಲ.”

ಮೌಲಾಸಾಬರು ಕನ್ನಡಿಯಲ್ಲಿ ಅವಳನ್ನು ನೋಡಿ ಕೇಳಿದರು, “ಮುಂದಿನ ಹೆಸರು ಯಾವ ಊರಿಂದವಾ?”